ತಟ್ಟನೆ ಎಚ್ಚರಗೊಳ್ಳುವ ನಿದ್ದೆ: ಹಸುಗೂಸನ್ನು ಮಲಗಿಸುವ ಬಗ್ಗೆ ಒಂದು ಉಪನ್ಯಾಸ

ಮಗು ಹುಟ್ಟಿ ಒಂದು ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಒಂದು ರಾತ್ರಿಯಾದರೂ ಇದು ಏಳದೆ ಬೆಳಗಿನ ತನಕ ಮಲಗಬಾರದೇ! ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡೋಣ. ಏಕೆಂದರೆ ಕೂಸನ್ನು ಮಲಗಿಸುವಾಗ ಆಗುವ ಬಹುಪಾಲು ತಪ್ಪುಗಳು ಈ ಆಸೆಯ ಬೆನ್ನು ಹಿಡಿದೇ ಬರುತ್ತವೆ. ಮೊದಲ ತಿಂಗಳುಗಳಲ್ಲಿ ಕೂಸನ್ನು ಕಾಯುವುದು ಉಸಿರಿಗೆ ಅಡ್ಡಿಯಾದ ಕೂಡಲೇ ತಟ್ಟನೆ ಎಚ್ಚರಗೊಳ್ಳುವ ಶಕ್ತಿ. ಅಂಗಾತ ಮಲಗಿಸಿ, ದಿಂಬು ಬೇಡ, ಹೊಗೆ ಬೇಡ, ಅತಿಯಾಗಿ ಬೆಚ್ಚಗೆ ಸುತ್ತಬೇಡಿ ಎಂದು ಬಿಡಿಬಿಡಿಯಾಗಿ ಕೇಳಿಬರುವ ಸೂಚನೆಗಳಲ್ಲಿ ಮುಕ್ಕಾಲುಪಾಲು ಈ ಶಕ್ತಿಯನ್ನು ಉಳಿಸುವುದಕ್ಕಾಗಿ ಇರುವಂಥವು. ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು, ಕೂಸಿನ ನಿದ್ದೆ ಸಹಜವಾಗಿ ಹೇಗಿರುತ್ತದೆ ಎಂದು ನೋಡೋಣ. ಮೊದಲ ಮೂರು ತಿಂಗಳು ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡುತುಂಡಾಗಿ. ದಿನಕ್ಕೆ 8ರಿಂದ 12 ಸಲ ಹಾಲು ಬೇಕಾಗುವ ಜೀವ ರಾತ್ರಿಯಿಡೀ ಮಲಗುವುದಾದರೂ ಹೇಗೆ? ಹಗಲು ರಾತ್ರಿಯ ಗಡಿಯಾರ ಅದರ ಮೈಯೊಳಗೆ ಚಾಲೂ ಆಗುವುದೇ ಎರಡು ಮೂರು ತಿಂಗಳಾದ ಮೇಲೆ. ನಿದ್ದೆಯ ಒಂದು ಸುತ್ತು 50–60 ನಿಮಿಷಕ್ಕೆ ಮುಗಿಯುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ಹೊತ್ತು ಹಗುರವಾದ, ಚಟುವಟಿಕೆಯ ನಿದ್ದೆ: ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಓಡುತ್ತದೆ, ಮುಖ ಕಿವುಚುತ್ತದೆ, ಕೈಕಾಲು ಅದುರುತ್ತವೆ, ಸಣ್ಣಗೆ ಮುಲುಗುತ್ತದೆ. ಎಚ್ಚರವಾಯಿತೆಂದು ಎತ್ತಿಕೊಂಡರೆ ನಿಜಕ್ಕೂ ಎಚ್ಚರವಾಗಿಬಿಡುತ್ತದೆ. ಮುಲುಗಿದರೆ ಒಂದು ನಿಮಿಷ ಕಾದು ನೋಡಿ, ಎಷ್ಟೋ ಸಲ ತಾನಾಗಿ ಮಲಗುತ್ತದೆ.

ಉಸಿರಾಟವೂ ದೊಡ್ಡವರಂತಿಲ್ಲ. ನಾಲ್ಕೈದು ಸಲ ಬೇಗಬೇಗ ಉಸಿರಾಡಿ, ಐದರಿಂದ ಹತ್ತು ಸೆಕೆಂಡು ಸುಮ್ಮನಿದ್ದು, ಮತ್ತೆ ಶುರು ಮಾಡುವುದು ಹಸುಗೂಸಿಗೆ ಸಹಜ. ಇದನ್ನು ಮೊದಲ ಸಲ ನೋಡಿದವರ ಜೀವ ಬಾಯಿಗೆ ಬರುತ್ತದೆ. ಹೆದರಬೇಕಾದದ್ದು ಆ ವಿರಾಮ 20 ಸೆಕೆಂಡಿನಷ್ಟು ಎಳೆದರೆ, ಅಥವಾ ಅದಕ್ಕಿಂತ ಕಡಿಮೆಯೇ ಇದ್ದರೂ ತುಟಿ ನಾಲಿಗೆ ನೀಲಿಗಟ್ಟಿದರೆ, ಮೈ ಸಡಿಲಾಗಿ ಜೋತುಬಿದ್ದರೆ. ಆಗ ಕಾಯುವಂತಿಲ್ಲ, ಆಸ್ಪತ್ರೆಗೆ ಧಾವಿಸಬೇಕು.

ಯಾವುದಕ್ಕೆ ಹೆದರಬೇಕು

ಒಂದು ವರ್ಷದೊಳಗಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಮಗು ನಿದ್ದೆಯಲ್ಲೇ ತೀರಿಕೊಂಡು, ಶವಪರೀಕ್ಷೆ ಮಾಡಿ, ಮಲಗಿದ್ದ ಜಾಗವನ್ನು ಪರಿಶೀಲಿಸಿ, ಹಿಂದಿನ ಆರೋಗ್ಯವನ್ನೆಲ್ಲ ಕೆದಕಿದರೂ ಕಾರಣ ಸಿಗದಿದ್ದರೆ ಅದನ್ನು ಹಠಾತ್ ಶಿಶು ಮರಣ, ಅಂದರೆ ಸಿಡ್ಸ್ ಎನ್ನುತ್ತಾರೆ. ಇಂಥ ಸಾವುಗಳಲ್ಲಿ ಹತ್ತಕ್ಕೆ ಒಂಬತ್ತು ಮೊದಲ ಆರು ತಿಂಗಳಲ್ಲೇ ಆಗುತ್ತವೆ. ಅದರಲ್ಲೂ ಒಂದರಿಂದ ನಾಲ್ಕು ತಿಂಗಳ ನಡುವೆ ಅಪಾಯ ಹೆಚ್ಚು. ಇದರ ಪಕ್ಕದಲ್ಲೇ, ಕಾರಣ ಗೊತ್ತಿರುವ ಸಾವುಗಳೂ ಇವೆ: ಮೆತ್ತನೆಯ ಹಾಸಿಗೆಯಲ್ಲಿ ಮುಖ ಹೂತು, ಗೋಡೆ ಮತ್ತು ಮಂಚದ ಸಂದಿಗೆ ಸಿಕ್ಕಿ, ದೊಡ್ಡವರ ಮೈಕೆಳಗೆ ಸಿಕ್ಕಿ ಉಸಿರುಗಟ್ಟುವುದು. ಕೂಸನ್ನು ಮಲಗಿಸುವವರಿಗೆ ಈ ಎರಡರ ನಡುವಿನ ವ್ಯತ್ಯಾಸದಿಂದ ಪ್ರಯೋಜನವಿಲ್ಲ, ಮುನ್ನೆಚ್ಚರಿಕೆ ಎರಡಕ್ಕೂ ಒಂದೇ.

1994ರಲ್ಲಿ ಫಿಲಿಯಾನೊ ಮತ್ತು ಕಿನ್ನಿ ಎಂಬ ವಿಜ್ಞಾನಿಗಳು ಮುಂದಿಟ್ಟ ವಿವರಣೆ ಇಂದಿಗೂ ಉಪಯುಕ್ತ. ಅವರ ಪ್ರಕಾರ ಮೂರು ಸಂಗತಿಗಳು ಒಂದೇ ಹೊತ್ತಿಗೆ ಕೂಡಿಬಂದಾಗ ಅನಾಹುತವಾಗುತ್ತದೆ. ಒಂದು, ಮಗುವಿನಲ್ಲೇ ಇರುವ, ಹೊರಗೆ ಕಾಣದ ದೌರ್ಬಲ್ಯ. ತೀರಿಕೊಂಡ ಹಲವು ಶಿಶುಗಳ ಮೆದುಳುಕಾಂಡದಲ್ಲಿ, ಉಸಿರಾಟ ಮತ್ತು ಎಚ್ಚರವನ್ನು ನಡೆಸುವ ಸೆರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆಯಲ್ಲಿ ಏರುಪೇರು ಕಂಡುಬಂದಿದೆ. ಎರಡು, ವಯಸ್ಸು: ದೇಹದ ಹತೋಟಿ ವ್ಯವಸ್ಥೆಗಳೆಲ್ಲ ಬದಲಾಗುತ್ತಿರುವ ಮೊದಲ ತಿಂಗಳುಗಳು. ಮೂರು, ಹೊರಗಿನ ಒತ್ತಡ: ಬೋರಲು ಮಲಗಿರುವುದು, ಮುಖದ ಮೇಲೆ ಹೊದಿಕೆ, ಅತಿ ಶಾಖ. ನಿಮ್ಮ ಮಗುವಿನಲ್ಲಿ ಮೊದಲನೆಯದು ಇದೆಯೋ ಇಲ್ಲವೋ ಪರೀಕ್ಷೆ ಮಾಡಿ ತಿಳಿಯುವ ದಾರಿ ಸದ್ಯಕ್ಕಿಲ್ಲ. ವಯಸ್ಸನ್ನು ದಾಟಿಸುವಂತಿಲ್ಲ. ಕೈಗೆ ಸಿಗುವುದು ಮೂರನೆಯದು ಮಾತ್ರ. "ನಮ್ಮ ಮಕ್ಕಳನ್ನೆಲ್ಲ ಬೋರಲೇ ಮಲಗಿಸಿದ್ವಿ, ಏನೂ ಆಗಲಿಲ್ಲ" ಎನ್ನುವ ಹಿರಿಯರ ಮಾತು ಸುಳ್ಳಲ್ಲ. ಆ ಮಕ್ಕಳಲ್ಲಿ ಮೂರೂ ಕೂಡಿಬರಲಿಲ್ಲ, ಅಷ್ಟೇ.

ಅಂಗಾತವೇ ಏಕೆ

ಬೋರಲು ಮಲಗಿದ ಕೂಸು ಹೆಚ್ಚು ಹೊತ್ತು ಮಲಗುತ್ತದೆ, ಕಡಿಮೆ ಬೆಚ್ಚಿಬೀಳುತ್ತದೆ. ಇದು ನಿಜವೇ. ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗಲೂ ಬೋರಲು ಮಲಗಿದ ಮಕ್ಕಳನ್ನು ಎಚ್ಚರಗೊಳಿಸುವುದು ಕಷ್ಟ. ಅಪಾಯ ಇರುವುದೂ ಅಲ್ಲಿಯೇ. ಮುಖ ಹಾಸಿಗೆಗೆ ಒತ್ತಿಕೊಂಡಾಗ ಮೂಗಿನ ಸುತ್ತ ತಾನೇ ಬಿಟ್ಟ ಗಾಳಿ ನಿಲ್ಲುತ್ತದೆ, ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ಸಾಮಾನ್ಯವಾಗಿ ಈ ಹಂತದಲ್ಲಿ ಮಗು ಕೊಸರಾಡಿ, ತಲೆ ತಿರುಗಿಸಿ, ಅಳಬೇಕು. ಗಾಢ ನಿದ್ದೆಗೆ ಜಾರಿದ, ಕುತ್ತಿಗೆಗೆ ಇನ್ನೂ ಬಲ ಬಾರದ ಕೂಸು ಅದನ್ನು ಮಾಡದೆ ಹೋಗಬಹುದು. ಜೊತೆಗೆ, ಮುಖ ಮತ್ತು ತಲೆಯಿಂದ ಹೊರಹೋಗಬೇಕಾದ ಶಾಖವೂ ಹಾಸಿಗೆಗೆ ಸಿಕ್ಕಿ ಒಳಗೇ ಉಳಿಯುತ್ತದೆ.

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ? ಪ್ರತಿ ಸಭೆಯಲ್ಲೂ ಏಳುವ ಪ್ರಶ್ನೆ ಇದು, ಉತ್ತರ ದೇಹರಚನೆಯಲ್ಲಿದೆ. ಗಂಟಲಿನಿಂದ ಕೆಳಕ್ಕೆ ಎರಡು ನಾಳ ಹೋಗುತ್ತವೆ: ಮುಂದೆ, ಎದೆಯ ಕಡೆಗೆ ಶ್ವಾಸನಾಳ, ಅದರ ಹಿಂದೆ, ಬೆನ್ನಿನ ಕಡೆಗೆ ಅನ್ನನಾಳ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಅನ್ನನಾಳದಿಂದ ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದಾಗ ಇದು ತಿರುವುಮುರುವಾಗಿ, ಹಾಲು ತನ್ನ ಭಾರದಿಂದಲೇ ಶ್ವಾಸನಾಳದ ಬಾಯಿಗೆ ಬಂದು ನಿಲ್ಲುತ್ತದೆ. ಅಂಗಾತ ಇರುವ ಮಗು ಹಾಲು ಬಂದರೆ ನುಂಗುತ್ತದೆ ಅಥವಾ ಕೆಮ್ಮುತ್ತದೆ. ಹಾಲು ಕಕ್ಕುವ ಮಕ್ಕಳಿಗೂ ಅಂಗಾತವೇ ಸರಿ ಎಂಬುದಕ್ಕೆ ಕಾರಣ ಇಷ್ಟೇ.

ಮಗ್ಗುಲಾಗಿ ಮಲಗಿಸುವುದು ನಡುವಿನ ದಾರಿಯಂತೆ ಕಾಣುತ್ತದೆ, ಆದರೆ ಅದು ನಿಲ್ಲುವ ಭಂಗಿಯಲ್ಲ. ನಿದ್ದೆಯಲ್ಲಿ ಕೈ ಜಾರಿದರೆ ಮಗು ಬೋರಲು ಬೀಳುತ್ತದೆ. ಅದಕ್ಕೆಂದು ಬೆನ್ನಿಗೆ ಬಟ್ಟೆಯ ಸುರುಳಿ ಒತ್ತಿಡುವವರಿದ್ದಾರೆ. ಆ ಸುರುಳಿಯೇ ಇನ್ನೊಂದು ಮೆತ್ತನೆಯ ಅಪಾಯ.

ಇನ್ನೊಂದು ಸಂಗತಿಗೆ ಸ್ವಲ್ಪ ಒತ್ತು ಕೊಡಬೇಕು. ಸದಾ ಅಂಗಾತ ಮಲಗಿ ರೂಢಿಯಾದ ಮಗುವನ್ನು ಒಂದೇ ಒಂದು ದಿನ, ಬೇರೆ ಯಾರೋ ಬೋರಲು ಮಲಗಿಸಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಆ ಭಂಗಿಯಲ್ಲಿ ತಲೆ ಎತ್ತಿ ತಿರುಗಿಸಿ ಅದಕ್ಕೆ ಅಭ್ಯಾಸವೇ ಇಲ್ಲ. ಆದ್ದರಿಂದ ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಅರ್ಧ ಗಂಟೆಗೆಂದು ಬಂದು ಕೂತವರಿಗೂ, ಇದನ್ನು ಬಾಯಿಬಿಟ್ಟು ಹೇಳಬೇಕು. ಅವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ.

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಪಶ್ಚಿಮದ ದೇಶಗಳಲ್ಲಿ ವೈದ್ಯರೇ ಬೋರಲು ಮಲಗಿಸಿ ಎಂದು ಸಲಹೆ ಕೊಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್, 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ಹೀಗೆ ಒಂದೊಂದಾಗಿ ಅಂಗಾತ ಮಲಗಿಸುವ ಪ್ರಚಾರಕ್ಕೆ ಇಳಿದವು. ಅಮೆರಿಕದಲ್ಲಿ 1990ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸುಮಾರು 130 ಇದ್ದ ಸಿಡ್ಸ್ ಸಾವು 2020ರ ಹೊತ್ತಿಗೆ 38ರ ಆಸುಪಾಸಿಗೆ ಇಳಿಯಿತು. ಈ ಇಳಿಕೆಯಲ್ಲಿ ಒಂದು ಪಾಲು ಹೆಸರು ಬದಲಾದದ್ದರಿಂದ ಬಂದದ್ದು. ಹಿಂದೆ ಸಿಡ್ಸ್ ಎಂದು ಬರೆಯುತ್ತಿದ್ದ ಕೆಲವು ಸಾವುಗಳನ್ನು ಈಗ ಉಸಿರುಗಟ್ಟಿದ್ದು ಎಂದೋ ಕಾರಣ ತಿಳಿಯದ್ದು ಎಂದೋ ದಾಖಲಿಸುತ್ತಾರೆ. ಅದನ್ನು ಕಳೆದರೂ ಮಲಗಿಸುವ ಭಂಗಿ ಬದಲಾದದ್ದೊಂದರಿಂದಲೇ ಇಷ್ಟು ಜೀವ ಉಳಿದದ್ದು ಶಿಶುವೈದ್ಯದ ದೊಡ್ಡ ಗೆಲುವುಗಳಲ್ಲೊಂದು.

ಹಾಸಿಗೆ

ಗಟ್ಟಿ, ಸಮತಟ್ಟು, ಖಾಲಿ. ಗಟ್ಟಿಯೇ ಎಂದು ತಿಳಿಯಲು ಹಾಸಿಗೆಯ ನಡುವೆ ಅಂಗೈ ಊರಿ ಒತ್ತಿ, ಕೈ ತೆಗೆಯಿರಿ. ತಕ್ಷಣ ಮೊದಲಿನಂತಾಗಬೇಕು, ಅಂಗೈಯ ಗುರುತು ಉಳಿಯಬಾರದು. ಮಗುವಿನ ತಲೆ ಇಟ್ಟ ಜಾಗ ತಗ್ಗಾಗುತ್ತಿದ್ದರೆ ಆ ಹಾಸಿಗೆ ಬೇಡ. ದೊಡ್ಡವರಿಗೆ ಹಾಯೆನಿಸುವ ಮೆಮೊರಿ ಫೋಮ್, ನೀರಿನ ಹಾಸಿಗೆ, ಗಾಳಿ ತುಂಬಿದ ಹಾಸಿಗೆ ಯಾವುದೂ ಕೂಸಿಗಲ್ಲ. "ಪಾಪ, ಗಟ್ಟಿ ಹಾಸಿಗೆ ಚುಚ್ಚುತ್ತದೆ" ಎಂಬುದು ನಮ್ಮ ಬೆನ್ನಿನ ಅನುಭವ. ಮೂರ್ನಾಲ್ಕು ಕೆಜಿ ತೂಕದ ಮೈಗೆ ಅದು ಚುಚ್ಚುವುದಿಲ್ಲ. ಹಾಸಿಗೆಯ ಮೇಲೆ ಬಿಗಿಯಾಗಿ ಕೂರುವ ಒಂದು ಹಾಸುಬಟ್ಟೆ ಸಾಕು. ಮೂಲೆ ಜಾರಿ ಎದ್ದುಬರುವ ಹಾಸುಬಟ್ಟೆಯನ್ನು ನಾಲ್ಕೂ ಕಡೆ ಹಾಸಿಗೆಯಡಿಗೆ ಆಳವಾಗಿ ಸೇರಿಸಿ. ಒದ್ದೆಯಾಗದಿರಲಿ ಎಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ಅದು ಮುಖಕ್ಕೆ ಅಂಟಿಕೊಂಡರೆ ಬಿಡುವುದಿಲ್ಲ.

ತೊಟ್ಟಿಲಿನ ಕಂಬಿಗಳ ನಡುವಿನ ಸಂದಿ 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ತೊಟ್ಟಿಲಿನ ಅಂಚಿಗೂ ನಡುವೆ ಎರಡು ಬೆರಳು ಇಳಿಯುವಷ್ಟು ಜಾಗ ಇದ್ದರೆ ಆ ಹಾಸಿಗೆ ಚಿಕ್ಕದಾಯಿತು. ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಬಳಸುವುದಾದರೆ ಸಂದಿ ಅಳೆಯಿರಿ, ಮೊಳೆ ತಿರುಪು ಸಡಿಲವಾಗಿವೆಯೇ ಎಂದು ಅಲ್ಲಾಡಿಸಿ ನೋಡಿ. ಬದಿಯನ್ನು ಕೆಳಗಿಳಿಸುವ ಬಗೆಯದಾದರೆ ಬಳಸದಿರುವುದೇ ಮೇಲು. ಆ ಬದಿ ಕಳಚಿ ಉಂಟಾದ ಸಂದಿಯಲ್ಲಿ ಮಕ್ಕಳು ಸಿಕ್ಕಿ ಸತ್ತದ್ದರಿಂದಲೇ ಅಮೆರಿಕ 2011ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು.

ಇಳಿಜಾರಿನ ವಿಷಯಕ್ಕೆ ಬರೋಣ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ದುರ್ಬಲ, ಶ್ವಾಸನಾಳ ಮೆತ್ತಗೆ ಮತ್ತು ಕಿರಿದು. ಬೆನ್ನು ಬಾಗಿ ಗಲ್ಲ ಎದೆಗೆ ತಾಗಿದರೆ, ಹೀರುಕೊಳವೆ ಮಡಚಿದಂತೆ ಗಾಳಿಯ ದಾರಿ ಮುಚ್ಚುತ್ತದೆ. ಸದ್ದಿಲ್ಲ, ಕೊಸರಾಟವಿಲ್ಲ. ಹೀಗಾಗಿ 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಯಾವುದೂ ಮಲಗುವ ಜಾಗವಲ್ಲ. 2019ರಲ್ಲಿ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿದ್ದ ಒಂದು ಓರೆ ತೊಟ್ಟಿಲನ್ನು, ಸುಮಾರು 47 ಲಕ್ಷದಷ್ಟನ್ನು, ಶಿಶುಮರಣಗಳ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. 2022ರಲ್ಲಿ ಅಲ್ಲಿ ಕಾನೂನೇ ಬಂದು ಓರೆ ತೊಟ್ಟಿಲೂ ತೊಟ್ಟಿಲಿನ ಒಳಬದಿಗೆ ಕಟ್ಟುವ ಮೆತ್ತೆಗಳೂ ನಿಷೇಧವಾದವು. ಬಟ್ಟೆಯ ಜೋಲಿಯಲ್ಲೂ ಇದೇ ತೊಂದರೆ: ನಡು ಜಗ್ಗಿ ಬೆನ್ನು ಕಮಾನಾಗುತ್ತದೆ, ಎರಡೂ ಬದಿಯ ಬಟ್ಟೆ ಮುಖಕ್ಕೆ ಬರುತ್ತದೆ. ಅಳು ನಿಲ್ಲಿಸಲು ತೂಗುವುದಾದರೆ ಎದುರಲ್ಲೇ ಕೂತು ತೂಗಿ, ಕಣ್ಣು ಮುಚ್ಚಿದ ಮೇಲೆ ಸಮತಟ್ಟಾದ ಹಾಸಿಗೆಗೆ ಸಾಗಿಸಿ. ಕಾರಿನ ಮಕ್ಕಳ ಆಸನ ಪ್ರಯಾಣಕ್ಕೆ ಬೇಕೇ ಬೇಕು, ಆದರೆ ಕಾರಿನಿಂದ ಇಳಿದ ಮೇಲೆ ಅದರಲ್ಲೇ ಮಲಗಲು ಬಿಡಬೇಡಿ. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ, ನೀವು ಕಣ್ಣು ತಗ್ಗಿಸಿದರೆ ಮಗುವಿನ ಮುಖ ಕಾಣುವಂತಿರಬೇಕು, ಗಲ್ಲ ಮತ್ತು ಎದೆಯ ನಡುವೆ ಬೆರಳು ಹೋಗುವಷ್ಟು ಜಾಗವಿರಬೇಕು.

ಖಾಲಿ ಎಂದರೆ ಖಾಲಿ. ದಿಂಬು, ರಜಾಯಿ, ಗೊಂಬೆ, ಸುತ್ತಲಿನ ಮೆತ್ತೆ ಯಾವುದೂ ಇರಬಾರದು. ತಲೆ ದುಂಡಾಗಲಿ ಎಂದು ಮಾರುವ ದಿಂಬುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕುತ್ತಿಗೆಯ ಸರ, ದಾರ, ಜೊಲ್ಲುಬಟ್ಟೆ, ಟೋಪಿಯ ಲಾಡಿ ಇವನ್ನು ಮಲಗಿಸುವ ಮುಂಚೆ ಬಿಚ್ಚಿಡಬೇಕು. ಕಿಟಕಿಯ ಪರದೆ ಎಳೆಯುವ ಹಗ್ಗ, ಕ್ಯಾಮೆರಾದ ವೈರು ತೊಟ್ಟಿಲಿನಿಂದ ಒಂದು ಮೀಟರಾದರೂ ದೂರವಿರಲಿ. ಸೊಳ್ಳೆಪರದೆ ಕಟ್ಟಿದರೆ ಬಿಗಿಯಾಗಿ, ಮುಖಕ್ಕೆ ಜೋತುಬೀಳದಂತೆ ಕಟ್ಟಿ.

ಯಾರ ಪಕ್ಕದಲ್ಲಿ

ಒಂದೇ ಕೋಣೆ, ಬೇರೆ ಹಾಸಿಗೆ, ಕನಿಷ್ಠ ಮೊದಲ ಆರು ತಿಂಗಳು. ಅಮೆರಿಕದ ಶಿಶುವೈದ್ಯರ ಅಕಾಡೆಮಿಯ 2022ರ ಸಲಹೆಯೂ ಇದೇ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ತೊಟ್ಟಿಲಿದ್ದರೆ ಹಾಲೂಡಿಸುವುದು ಸುಲಭ, ಮಗುವಿನ ಸದ್ದು ಕೇಳಿಸುತ್ತದೆ. ನಿಮ್ಮ ಸಣ್ಣಪುಟ್ಟ ಸದ್ದುಗಳೂ ಮಗುವಿನ ನಿದ್ದೆಯನ್ನು ಹಗುರವಾಗಿಡುತ್ತವೆ.

ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಅಕಾಡೆಮಿ ಬೇಡ ಎನ್ನುತ್ತದೆ. ಎದೆಹಾಲಿನ ವಿಷಯದಲ್ಲಿ ಕೆಲಸ ಮಾಡುವ ವೈದ್ಯರ ಸಂಘಟನೆಯೂ ಬ್ರಿಟನ್ನಿನ ಮಾರ್ಗಸೂಚಿಗಳೂ, ತಾಯಂದಿರು ಹೇಗೂ ಮಲಗಿಸಿಕೊಳ್ಳುತ್ತಾರೆ, ಆದ್ದರಿಂದ ಅಪಾಯ ಕಡಿಮೆ ಮಾಡುವ ಬಗೆಯನ್ನು ಹೇಳಿಕೊಡೋಣ ಎನ್ನುತ್ತವೆ. ಎರಡನೆಯ ನಿಲುವು ಹೆಚ್ಚು ಪ್ರಾಮಾಣಿಕ ಎಂದು ನಮಗನಿಸುತ್ತದೆ. ಬೇಡ ಎಂದಷ್ಟೇ ಕೇಳಿಸಿಕೊಂಡ ತಾಯಿ ನಿದ್ದೆ ಬಂದೀತೆಂದು ಹೆದರಿ ಹಾಸಿಗೆ ಬಿಟ್ಟು ಸೋಫಾಕ್ಕೆ ಹೋಗಿ ಹಾಲೂಡಿಸುತ್ತಾಳೆ, ಅಲ್ಲೇ ಜೋಂಪು ಹತ್ತುತ್ತದೆ. ಸೋಫಾ ಅಥವಾ ಮೆತ್ತನೆಯ ಆರಾಮಕುರ್ಚಿಯಲ್ಲಿ ಯಾರದ್ದಾದರೂ ಜೊತೆ ಮಗು ಮಲಗಿದಾಗ ಸಾವಿನ ಅಪಾಯ 67 ಪಟ್ಟಿನ ತನಕ ಏರಬಹುದು ಎಂದು ಅದೇ ಅಕಾಡೆಮಿ ಹೇಳುತ್ತದೆ. ಮಗು ಒರಗು ಮತ್ತು ಕೂರುವ ಜಾಗದ ನಡುವಿನ ಸಂದಿಗೆ ಜಾರುತ್ತದೆ, ದೊಡ್ಡವರ ಮೈ ಅದನ್ನು ಒತ್ತುತ್ತದೆ. ರಾತ್ರಿ ನಿದ್ದೆ ಬರಬಹುದು ಅನಿಸಿದರೆ ಸೋಫಾಕ್ಕಿಂತ ಹಾಸಿಗೆಯೇ ವಾಸಿ.

ಅದಕ್ಕೆ ಸಿದ್ಧತೆಯನ್ನು ಸಂಜೆಯೇ ಮಾಡಿ. ಹಾಸಿಗೆ ಗಟ್ಟಿಯಿರಲಿ. ಮಗು ಇರುವ ಬದಿಯಿಂದ ದಿಂಬು ರಜಾಯಿ ತೆಗೆಯಿರಿ. ಗೋಡೆಗೂ ಮಂಚಕ್ಕೂ ನಡುವೆ ಮಗು ಸಿಕ್ಕಿಕೊಳ್ಳುವಂಥ ಸಂದಿ ಇರಬಾರದು. ಸಂದಿಗೆ ಬಟ್ಟೆ ತುರುಕುವುದು ಪರಿಹಾರವಲ್ಲ, ಮಂಚವನ್ನೇ ದೂರ ಸರಿಸಿ, ಅಥವಾ ಹಾಸಿಗೆಯನ್ನು ನೆಲಕ್ಕೆ ಹಾಕಿ. ಹಾಲು ಕುಡಿದಾದ ಮೇಲೆ ಮಗುವನ್ನು ಅಂಗಾತ ತಿರುಗಿಸಿ. ನಡುವೆ ಎಚ್ಚರವಾದ ಕೂಡಲೇ ಅದರ ಹಾಸಿಗೆಗೆ ಸಾಗಿಸಿ. ಉದ್ದ ಜಡೆಯನ್ನು ಮೇಲಕ್ಕೆ ಕಟ್ಟಿಕೊಳ್ಳಿ. ದೊಡ್ಡ ಮಕ್ಕಳು, ಸಾಕುಪ್ರಾಣಿಗಳು ಆ ಹಾಸಿಗೆಯಲ್ಲಿ ಬೇಡ.

ಕೆಲವು ಸಂದರ್ಭಗಳಲ್ಲಿ ಮಾತ್ರ ಯಾವ ತಜ್ಞರ ನಡುವೆಯೂ ಭಿನ್ನಾಭಿಪ್ರಾಯವಿಲ್ಲ, ಒಂದೇ ಹಾಸಿಗೆ ಖಂಡಿತ ಕೂಡದು: ಮಗು 37 ವಾರಕ್ಕೆ ಮೊದಲೇ ಹುಟ್ಟಿದ್ದರೆ, ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆಯಿದ್ದರೆ, ಪಕ್ಕದಲ್ಲಿ ಮಲಗುವವರಲ್ಲಿ ಯಾರಾದರೂ ಸಿಗರೇಟು ಬೀಡಿ ಸೇದುವವರಾದರೆ (ಹೊರಗೆ ಸೇದಿ ಬಂದರೂ ಅಷ್ಟೇ), ಮದ್ಯ ಸೇವಿಸಿದ್ದರೆ, ಮಂಪರು ತರಿಸುವ ಔಷಧ ತೆಗೆದುಕೊಂಡಿದ್ದರೆ. ಶೀತದ ಕೆಲವು ಮಾತ್ರೆಗಳೂ ನೋವಿನ ಕೆಲವು ಮಾತ್ರೆಗಳೂ ಮಂಪರು ತರಿಸುತ್ತವೆ, ಇದು ಹಲವರಿಗೆ ಹೊಳೆಯುವುದಿಲ್ಲ. ಮಗು ನಾಲ್ಕು ತಿಂಗಳೊಳಗಿನದಾದರೆ ಇವೆಲ್ಲದರ ಅಪಾಯ ಇನ್ನೂ ಹೆಚ್ಚು.

ಶಾಖ, ಬಟ್ಟೆ, ಸುತ್ತುವುದು

ಬೆಚ್ಚಗಿದ್ದಷ್ಟೂ ಮಗು ಗಾಢವಾಗಿ ಮಲಗುತ್ತದೆ. ಇಲ್ಲೂ ಅದೇ ಕಥೆ. ಆ ಕೋಣೆಯಲ್ಲಿ ನೀವು ಹಾಕಿಕೊಂಡು ಹಾಯಾಗಿರುವ ಬಟ್ಟೆಗಿಂತ ಒಂದು ಪದರ ಮಾತ್ರ ಹೆಚ್ಚು ಸಾಕು. ಸೆಕೆಯಿದ್ದರೆ ಅದೂ ಬೇಡ, ಒಂದೇ ತೆಳು ಹತ್ತಿ ಬಟ್ಟೆ. ಕೈಕಾಲು ಮುಟ್ಟಿ ಚಳಿಯೆಂದು ತೀರ್ಮಾನಿಸಬೇಡಿ, ಕೂಸಿನ ಅಂಗೈ ಅಂಗಾಲು ತಣ್ಣಗಿರುವುದೇ ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ: ಬಿಸಿಯಾಗಿ, ಬೆವರಿ ಒದ್ದೆಯಾಗಿದ್ದರೆ ಒಂದು ಪದರ ತೆಗೆಯಿರಿ. ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ, ಶಾಖ ಹೊರಹೋಗುವ ಮುಖ್ಯ ದಾರಿ ತಲೆಯೇ. ಫ್ಯಾನು ಹಾಕಬಹುದು, ಗಾಳಿ ಓಡಾಡಲಿ, ನೇರ ಮುಖಕ್ಕೆ ಬಡಿಯದಿದ್ದರೆ ಸಾಕು. ಚಳಿಯಿದ್ದರೆ ಹೊದಿಕೆಯ ಬದಲು ತೋಳು ಹೊರಗಿರುವ, ಕತ್ತಿಗೆ ಸರಿಯಾಗಿ ಕೂರುವ ನಿದ್ದೆಚೀಲ ತೊಡಿಸಿ. ಕತ್ತು ದೊಡ್ಡದಾಗಿದ್ದರೆ ಮಗು ಒಳಗೆ ಜಾರುತ್ತದೆ, ಆದ್ದರಿಂದ "ಬೆಳೆದ ಮೇಲೂ ಆಗಲಿ" ಎಂದು ದೊಡ್ಡ ಅಳತೆ ತರಬೇಡಿ.

ಬಟ್ಟೆಯಲ್ಲಿ ಸುತ್ತುವುದರಿಂದ ಮಗು ಶಾಂತವಾಗುತ್ತದೆ, ಅಂಗಾತ ಮಲಗಲು ಒಪ್ಪುತ್ತದೆ. ಅಷ್ಟರ ಮಟ್ಟಿಗೆ ಉಪಯೋಗವಿದೆ. ಆದರೆ ಸಿಡ್ಸ್ ತಡೆಯುವ ಗುಣವೇನೂ ಅದಕ್ಕಿಲ್ಲ. ಎದೆ ಮತ್ತು ಬಟ್ಟೆಯ ನಡುವೆ ಎರಡು ಬೆರಳು ಆಡಬೇಕು. ಸೊಂಟದ ಕೆಳಗೆ ಸಡಿಲವಿದ್ದು, ಮಂಡಿ ಮಡಚಿ ಕಪ್ಪೆಯಂತೆ ಅಗಲಿಸುವಂತಿರಬೇಕು. ಕಾಲು ನೀಟಾಗಿ ಎಳೆದು ಬಿಗಿದರೆ ಸೊಂಟದ ಕೀಲು ಗುಣಿಯಿಂದ ಸರಿಯುವ ಅಪಾಯವಿದೆ. ಮಗು ಮಗುಚಿಕೊಳ್ಳಲು ಹವಣಿಸುವ ಮೊದಲ ಸೂಚನೆ ಕಂಡ ದಿನವೇ ಸುತ್ತುವುದನ್ನು ಬಿಡಬೇಕು. ಸಾಮಾನ್ಯವಾಗಿ ಅದು ಮೂರು ನಾಲ್ಕು ತಿಂಗಳಿಗೆ, ಕೆಲವು ಮಕ್ಕಳಲ್ಲಿ ಇನ್ನೂ ಮೊದಲೇ. ಕೈ ಕಟ್ಟಿದ ಮಗು ಬೋರಲು ಬಿದ್ದರೆ ತಲೆ ಎತ್ತಲಾರದು. ಭಾರ ತುಂಬಿದ ಸುತ್ತುಬಟ್ಟೆ, ಭಾರದ ನಿದ್ದೆಚೀಲ ಯಾವ ವಯಸ್ಸಿನ ಶಿಶುವಿಗೂ ಬೇಡ.

ಕಾಯುವಂಥವು, ಕೆಡಿಸುವಂಥವು

ಎದೆಹಾಲು ಕಾಯುತ್ತದೆ. ಎರಡು ತಿಂಗಳಾದರೂ, ಭಾಗಶಃವಾದರೂ ಕುಡಿಸಿದರೆ ಸಿಡ್ಸ್ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಎದೆಹಾಲು ಕುಡಿಯುವ ಮಕ್ಕಳು ಬೇಗ ಎಚ್ಚರಗೊಳ್ಳುತ್ತಾರೆ, ಸೋಂಕೂ ಕಡಿಮೆ. ಚೀಪುವ ರಬ್ಬರ್ ನಿಪ್ಪಲ್ ಕೂಡ ಅಪಾಯವನ್ನು ತಗ್ಗಿಸುತ್ತದೆ, ನಿದ್ದೆಯಲ್ಲಿ ಬಾಯಿಂದ ಬಿದ್ದುಹೋದರೂ. ಎದೆಹಾಲು ಕುಡಿಯುವುದು ಚೆನ್ನಾಗಿ ಕೂಡಿಬಂದ ಮೇಲೆ ಕೊಡಿ, ಒಲ್ಲೆ ಎಂದರೆ ಬಲವಂತ ಬೇಡ, ದಾರ ಕಟ್ಟಿ ಕುತ್ತಿಗೆಗೆ ಹಾಕಬೇಡಿ. ಅದಕ್ಕೆ ಜೇನು ಸವರುವುದಂತೂ ಬೇಡವೇ ಬೇಡ, ಒಂದು ವರ್ಷದೊಳಗೆ ಜೇನಿನಿಂದ ಬೊಟುಲಿಸಂ ಎಂಬ ಮಾರಕ ಕಾಯಿಲೆ ಬರಬಹುದು. ಲಸಿಕೆಗಳೂ ಕಾಯುವ ಸಾಲಿಗೇ ಸೇರುತ್ತವೆ. ಲಸಿಕೆ ಹಾಕಿಸುವ ವಯಸ್ಸೂ ಸಿಡ್ಸ್ ಹೆಚ್ಚಿರುವ ವಯಸ್ಸೂ ಒಂದೇ ಆದ್ದರಿಂದ ಕೆಲವರು ಎರಡನ್ನೂ ಗಂಟು ಹಾಕುತ್ತಾರೆ, ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ.

ಕೆಡಿಸುವುದರಲ್ಲಿ ಮೊದಲನೆಯದು ತಂಬಾಕಿನ ಹೊಗೆ, ಬಸಿರಿನಲ್ಲೂ ಆಮೇಲೂ. ಅದು ಎಚ್ಚರಗೊಳ್ಳುವ ಶಕ್ತಿಯನ್ನೇ ಮಂದಗೊಳಿಸುತ್ತದೆ. ನಿದ್ದೆ ಬರಲೆಂದು ಕೆಮ್ಮಿನ ಸಿರಪ್, ಅಲರ್ಜಿ ಔಷಧ, ಮೆಲಟೋನಿನ್ ಹನಿ ಕೊಡುವುದು ಅದೇ ಶಕ್ತಿಯನ್ನು ಕೈಯಾರೆ ಅದುಮಿದಂತೆ. ಬಾಟಲಿ ಹಾಲಿಗೆ ಹಿಟ್ಟು ಬೆರೆಸಿದರೆ ನಿದ್ದೆ ಹೆಚ್ಚುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಹೆಚ್ಚುತ್ತದೆ. ಕಾಲುಚೀಲಕ್ಕೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧನಗಳು ಸಿಡ್ಸ್ ತಡೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ. ಕೊಂಡರೆ ತಪ್ಪೇನಲ್ಲ. ಯಂತ್ರವಿದೆಯಲ್ಲ ಎಂದು ಬೋರಲು ಮಲಗಿಸಿದರೆ ತಪ್ಪು.

ಅಳು ನಿಲ್ಲದ ರಾತ್ರಿ

ಕೂಸಿನ ಅಳು ಆರು ವಾರದ ಹೊತ್ತಿಗೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ತೋಳಲ್ಲಿ ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಾಗ ಮೊದಲು ಕಾಲು, ಆಮೇಲೆ ಕುಂಡಿ, ಕೊನೆಗೆ ತಲೆ ತಾಗಲಿ. ತಲೆ ಮೊದಲು ಇಳಿದರೆ ಬಿದ್ದೆನೆಂದು ಬೆಚ್ಚಿ ಎರಡೂ ಕೈ ಚಾಚುತ್ತದೆ. ಇಳಿಸಿದ ಮೇಲೆ ಎದೆಯ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಹಗುರವಾಗಿ ಇಟ್ಟಿರಿ. ರಾತ್ರಿ ಹಾಲೂಡಿಸುವಾಗ ದೀಪ ಮಂದವಿರಲಿ, ಮಾತು ಕಡಿಮೆಯಿರಲಿ, ಬೆಳಗ್ಗೆ ಚೆನ್ನಾಗಿ ಬೆಳಕಿಗೆ ತನ್ನಿ. ಹಗಲು ರಾತ್ರಿ ಬೇರೆ ಬೇರೆ ಎಂದು ಮಗು ಕಲಿಯುವುದು ಹೀಗೆ.

ಏನು ಮಾಡಿದರೂ ಅಳು ನಿಲ್ಲದೆ ನಿಮ್ಮ ತಾಳ್ಮೆ ಕಡಿಯುವ ಹಂತ ಬಂದರೆ, ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಇಟ್ಟು ಐದು ಹತ್ತು ನಿಮಿಷ ಕೋಣೆಯಿಂದ ಹೊರಬನ್ನಿ. ಅಳುತ್ತಿರುವ ಮಗು ಉಸಿರಾಡುತ್ತಿದೆ ಎಂದೇ ಅರ್ಥ. ಹಿಡಿದು ಅಲ್ಲಾಡಿಸಬೇಡಿ, ಕೆಲವೇ ಸೆಕೆಂಡಿನ ಜೋರಾದ ಅಲುಗಾಟ ಮೆದುಳಿನಲ್ಲಿ ರಕ್ತಸ್ರಾವ ಮಾಡಬಲ್ಲದು. ಬದಲಿ ಕೈ ಸಿಕ್ಕರೆ ಪಾಳಿ ಹಾಕಿಕೊಳ್ಳಿ. ನಿದ್ದೆಗೆಟ್ಟವರೇ ಸೋಫಾದಲ್ಲಿ ಕೂಸಿನೊಂದಿಗೆ ತೂಕಡಿಸುವುದು, ಹಾಗಾಗಿ ಬಾಣಂತಿಗೆ ಸಿಗುವ ಎರಡು ಗಂಟೆ ನಿದ್ದೆ ಮಗುವಿನ ಸುರಕ್ಷತೆಯ ಲೆಕ್ಕಕ್ಕೇ ಸೇರುತ್ತದೆ.

ಸಭಿಕರ ಪ್ರಶ್ನೆಗಳಿಂದ

*ನಮ್ಮ ಮಗು ತಾನೇ ಬೋರಲು ಬೀಳುತ್ತದೆ. ರಾತ್ರಿಯೆಲ್ಲ ತಿರುಗಿಸುತ್ತ ಕೂರಬೇಕೇ?*

ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ ಎರಡೂ ಕಡೆ ತಾನಾಗಿ ಮಗುಚಿಕೊಳ್ಳಲು ಬಂದ ಮೇಲೆ ಬಿಟ್ಟುಬಿಡಿ. ಮಲಗಿಸುವಾಗ ಮಾತ್ರ ಪ್ರತಿ ಸಲ ಅಂಗಾತ, ಒಂದು ವರ್ಷದ ತನಕ. ಒಂದೇ ಕಡೆಗೆ ಮಗುಚಲು ಬರುವ ಆ ಒಂದೆರಡು ವಾರ ಕಣ್ಣಿಗೆ ಬಿದ್ದಾಗಲೆಲ್ಲ ತಿರುಗಿಸಿ, ಹಗಲಲ್ಲಿ ನೆಲದ ಮೇಲೆ ಅಭ್ಯಾಸಕ್ಕೆ ಬಿಡಿ.

*ಅಂಗಾತವೇ ಮಲಗಿಸಿದರೆ ತಲೆ ಚಪ್ಪಟೆಯಾಗುವುದಿಲ್ಲವೇ?*

ಸ್ವಲ್ಪ ಆಗಬಹುದು, ಹೆಚ್ಚಿನ ಮಕ್ಕಳಲ್ಲಿ ಕೂರಲು ಕಲಿತ ಮೇಲೆ ಸರಿಹೋಗುತ್ತದೆ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರು ಬೋರಲು ಆಡಿಸಿ. ಮೊದಲ ವಾರಗಳಲ್ಲಿ ಒಂದು ಸಲಕ್ಕೆ ಎರಡು ಮೂರು ನಿಮಿಷದಿಂದ ಆರಂಭಿಸಿ, ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷಕ್ಕೆ ತನ್ನಿ. ತೊಟ್ಟಿಲಲ್ಲಿ ಒಂದು ರಾತ್ರಿ ತಲೆ ಈ ತುದಿಗೆ, ಮಾರನೆಯ ರಾತ್ರಿ ಆ ತುದಿಗೆ ಮಾಡಿದರೆ ಮಗು ಬೆಳಕಿನ ಕಡೆಗೋ ನಿಮ್ಮ ಕಡೆಗೋ ಬೇರೆ ಬೇರೆ ಬದಿಗೆ ತಿರುಗುತ್ತದೆ. ಯಾವಾಗಲೂ ಒಂದೇ ಕಡೆಗೆ ತಿರುಗುತ್ತಿದ್ದರೆ ಕತ್ತಿನ ಸ್ನಾಯು ಬಿಗಿಯಾಗಿರಬಹುದು, ವೈದ್ಯರಿಗೆ ತೋರಿಸಿ.

*ಹಾಲು ಕಕ್ಕುತ್ತದೆಂದು ಹಾಸಿಗೆಯ ತಲೆಭಾಗ ಎತ್ತರಿಸಿದ್ದೇವೆ.*

ಇಳಿಸಿಬಿಡಿ. ಅದರಿಂದ ಕಕ್ಕುವುದು ಕಡಿಮೆಯಾಗುವುದಿಲ್ಲ, ಮಗು ಕೆಳಕ್ಕೆ ಜಾರಿ ಗಲ್ಲ ಎದೆಗೆ ಬರುತ್ತದೆ. ಹಾಲು ಕುಡಿದ ಮೇಲೆ 20–30 ನಿಮಿಷ ಹೆಗಲಿಗೆ ನೆಟ್ಟಗೆ ಹಾಕಿಕೊಂಡಿದ್ದು ತೇಗು ಬರಿಸಿ, ಆಮೇಲೆ ಸಮತಟ್ಟಾಗಿ ಮಲಗಿಸಿ.

*ಅವಧಿಗೆ ಮುಂಚೆ ಹುಟ್ಟಿದ ನಮ್ಮ ಮಗುವನ್ನು ಐಸಿಯುನಲ್ಲಿ ಬೋರಲೇ ಮಲಗಿಸಿದ್ದರು. ಮನೆಯಲ್ಲೂ ಹಾಗೇ ಮಾಡಬಹುದೇ?*

ಅಲ್ಲಿ ಎದೆಬಡಿತ, ಆಮ್ಲಜನಕ ಎರಡನ್ನೂ ಕ್ಷಣಕ್ಷಣವೂ ಅಳೆಯುತ್ತಿರುತ್ತಾರೆ, ಬೋರಲು ಮಲಗಿಸಿದರೆ ಬಲಿಯದ ಶ್ವಾಸಕೋಶಕ್ಕೆ ಅನುಕೂಲ. ಮನೆಗೆ ಬರುವ ಮುಂಚೆಯೇ ಅಂಗಾತಕ್ಕೆ ರೂಢಿ ಮಾಡಿಸಬೇಕು, ಮಾಡಿಸಿದ್ದಾರೆಯೇ ಎಂದು ಬಿಡುಗಡೆಯ ದಿನ ಕೇಳಿ. ಇಂಥ ಮಕ್ಕಳಲ್ಲಿ ಅಪಾಯ ಬೇರೆಯವರಿಗಿಂತ ಹೆಚ್ಚು, ರಿಯಾಯಿತಿ ಇಲ್ಲ.

*ಈ ಕಟ್ಟುಪಾಡೆಲ್ಲ ಎಲ್ಲಿಯ ತನಕ?*

ಮುಖ್ಯವಾದವು ಒಂದು ವರ್ಷದ ತನಕ. ನಡುನಡುವೆ ಹಾಸಿಗೆಯನ್ನೂ ಮಗುವಿನ ಬೆಳವಣಿಗೆಗೆ ತಕ್ಕಂತೆ ಬದಲಿಸುತ್ತಿರಬೇಕು. ಸುಮಾರು ಐದು ತಿಂಗಳಿಗೆ, ಕೈ ಮಂಡಿ ಊರಿ ಏಳಲು ನೋಡುವಾಗ, ತೊಟ್ಟಿಲ ಮೇಲೆ ತೂಗಿಬಿಟ್ಟ ಆಟಿಕೆ ತೆಗೆಯಿರಿ. ಕೂರಲು ಶುರುಮಾಡುವ ಮುಂಚೆ ತೊಟ್ಟಿಲಿನ ತಳವನ್ನು ಇಳಿಸಿ, ಹಿಡಿದು ನಿಲ್ಲುವ ಹೊತ್ತಿಗೆ ತೀರಾ ಕೆಳಗಿನ ಹಂತಕ್ಕೆ ತನ್ನಿ. ವರ್ಷ ದಾಟಿದ ಮೇಲೆ ತೆಳುವಾದ ಹೊದಿಕೆ ಕೊಡಬಹುದು. ದಿಂಬಿಗೆ ಅವಸರವಿಲ್ಲ, ಎರಡು ವರ್ಷದ ಆಸುಪಾಸಿಗೆ ಸಾಕು. ಎತ್ತರ ಸುಮಾರು 89 ಸೆಂಟಿಮೀಟರ್ ಮುಟ್ಟಿದರೆ, ಅಥವಾ ಅದಕ್ಕೂ ಮೊದಲೇ ಕಾಲೆತ್ತಿ ಕಂಬಿ ಹತ್ತಲು ನೋಡಿದರೆ, ತೊಟ್ಟಿಲು ಬಿಡಿಸಿ ನೆಲಮಟ್ಟದ ಹಾಸಿಗೆಗೆ ಹಾಕಿ.